ಪರದೆ ಹಾಕಿಕೊಳ್ಳಬೇಕಾದವರು ಯಾರು?

2016ರ ಜೂನ್ ತಿಂಗಳಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯದ ಹೊಸ ಕಟ್ಟಡ ಜನರಿಗೆ ತೆರೆದುಕೊಂಡಿತು. ಹತ್ತನೆಯ ಅಂತಸ್ತಿನಲ್ಲಿ ಸುತ್ತ ನಾಲ್ಕೂ ದಿಕ್ಕಿಗೆ ನಡೆದಾಡಿ ಊರು ನೋಡಲು ಒಂದು ಮೊಗಸಾಲೆ. ಅಲ್ಲಿಂದ ಥೇಮ್ಸ್ ನದಿ ಕಾಣುತ್ತಿತ್ತು, ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ ಕಾಣುತ್ತಿತ್ತು. ಸುಮಾರು 34 ಮೀಟರ್ ಆಚೆಗೆ, ನೆಲದಿಂದ ಚಾವಣಿಯವರೆಗೂ ಗಾಜಿನ ಗೋಡೆಯಿದ್ದ ನಿಯೋ ಬ್ಯಾಂಕ್‌ಸೈಡ್ ಎಂಬ ವಸತಿ ಸಮುಚ್ಚಯದ ಮನೆಗಳ ಒಳಗೂ ಕಾಣುತ್ತಿತ್ತು. ವರ್ಷಕ್ಕೆ ಐದಾರು ಲಕ್ಷ ಜನ ಆ ಮೊಗಸಾಲೆ ಹತ್ತಿದರು. ಕೆಲವರು ಎದುರು ಮನೆಯವರಿಗೆ ಕೈಬೀಸಿದರು, ಕೆಲವರು ಅವರು ಊಟ ಮಾಡುವುದನ್ನು ಫೋಟೊ ತೆಗೆದರು, ದುರ್ಬೀನು ಹಿಡಿದು ನಿಂತವರೂ ಇದ್ದರು.

ಮನೆಯವರು ದೂರಿದಾಗ ಸಂಗ್ರಹಾಲಯದ ಅಂದಿನ ನಿರ್ದೇಶಕ ನಿಕೊಲಸ್ ಸೆರೋಟಾ ಕೊಟ್ಟ ಸಲಹೆ ತೀರಾ ಸರಳವಾಗಿತ್ತು: ಬ್ಲೈಂಡೋ ನೆಟ್ ಪರದೆಯೋ ಏನಾದರೊಂದು ಹಾಕಿಕೊಳ್ಳಬಹುದಲ್ಲ. ವಿಷಯ ಕೋರ್ಟಿಗೆ ಹೋಯಿತು. 2019ರಲ್ಲಿ ಹೈಕೋರ್ಟ್ ಕೂಡ ಗಾಜಿನ ಮನೆ ಕೊಂಡವರೇ ತಮ್ಮ ರಕ್ಷಣೆಯನ್ನು ನೋಡಿಕೊಳ್ಳಬೇಕು, ನೆಟ್ ಪರದೆ ಹಾಕುವುದೂ ಅದಕ್ಕೊಂದು ದಾರಿ ಎಂಬರ್ಥದ ತೀರ್ಪು ಕೊಟ್ಟಿತು. ಮೇಲ್ಮನವಿಯೂ ಬಿದ್ದುಹೋಯಿತು. ಕೊನೆಗೆ 2023ರ ಫೆಬ್ರವರಿ 1ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಮೂರಕ್ಕೆ ಎರಡರ ಬಹುಮತದಿಂದ ಮನೆಯವರ ಪರ ನಿಂತಿತು. ಬಹುಮತದ ತೀರ್ಪು ಬರೆದ ಲಾರ್ಡ್ ಲೆಗಟ್, ಆ ಮನೆಗಳಲ್ಲಿ ಬದುಕುವುದನ್ನು ಮೃಗಾಲಯದಲ್ಲಿ ಪ್ರದರ್ಶನಕ್ಕಿಟ್ಟಂತೆ ಬದುಕುವುದಕ್ಕೆ ಹೋಲಿಸಿದರು. ತೊಂದರೆ ಕೊಟ್ಟವರನ್ನು ಬಿಟ್ಟು, ಪರದೆ ಹಾಕುವ ಹೊಣೆಯನ್ನು ತೊಂದರೆಗೊಳಗಾದವರ ತಲೆಗೆ ಕಟ್ಟಿದ್ದೇ ಕೆಳಗಿನ ಕೋರ್ಟಿನ ತಪ್ಪು ಎಂದರು.

ನೆಟ್ ಪರದೆಯನ್ನೂ ಮನೆಯೊಳಗಿನ ಖಾಸಗಿತನವನ್ನೂ ವಸ್ತುವಾಗಿಟ್ಟುಕೊಂಡು ಜವಳಿ ಕಲಾಕೃತಿಯೊಂದನ್ನು ರೂಪಿಸಹೊರಟ ಯಾರೇ ಆಗಲಿ, ಮೊದಲು ಈ ಪ್ರಕರಣದ ಮುಂದೆ ಒಂದು ಗಳಿಗೆ ನಿಲ್ಲಬೇಕು. ಏಕೆಂದರೆ ಇಲ್ಲಿ ಪರದೆ ಹಾಕಿಕೊಳ್ಳಿ ಎಂದದ್ದು ಒಂದು ಕಲಾ ಸಂಸ್ಥೆ. ನೋಡುವುದನ್ನೇ ಕಸುಬಾಗಿಸಿಕೊಂಡ ಸಂಸ್ಥೆಗೆ ನೋಡಿಸಿಕೊಳ್ಳುವವರ ಕಷ್ಟ ಹೊಳೆಯಲಿಲ್ಲ. ಇಂಥ ವಸ್ತುವಿಗೆ ಕೈಹಾಕುವ ಕಲೆಗೂ ಇದೇ ಅಪಾಯ ಕಾದಿರುತ್ತದೆ. ಜನರ ಕಿಟಕಿಗಳ ಫೋಟೊ ತೆಗೆದು, ಅವರ ಹಳೆಯ ಪರದೆಗಳನ್ನು ಸಂಗ್ರಹಿಸಿ, ಪರದೆಯ ಹಿಂದಿನ ಕತೆ ಕೇಳಿ, ಎಲ್ಲವನ್ನೂ ಬಿಳಿ ಗೋಡೆಯ ಮೇಲೆ ಹರಡಿದರೆ ಖಾಸಗಿತನದ ಬಗ್ಗೆ ಕೃತಿ ಮಾಡಿದಂತೆ ತೋರುತ್ತದೆ. ನಿಜದಲ್ಲಿ ಆಗುವುದು ಇನ್ನೊಂದು ಇಣುಕುನೋಟ. ನೆಟ್ ಪರದೆಯ ಕಲೆ ತನ್ನ ಬೆಳಕನ್ನು ಮನೆಯವರ ಮೇಲೆ ಬಿಡದೆ ನೋಡುವವನ ಮೇಲೆ ಬಿಡಬೇಕು ಎಂಬುದು ಈ ಲೇಖನದ ವಾದ. ಅದಕ್ಕೆ ಬೇಕಾದ ಎಲ್ಲ ಗುಣವೂ ಆ ಬಟ್ಟೆಯಲ್ಲೇ ಇದೆ.

ಬಟ್ಟೆಯಿಂದಲೇ ಶುರು ಮಾಡಬಹುದು. ಹಳೆಯ ನಾಟಿಂಗ್‌ಹ್ಯಾಮ್ ಲೇಸಿನ ಪರದೆಯೊಂದನ್ನು ಕಣ್ಣಿಗೆ ಹತ್ತಿರ ಹಿಡಿದರೆ ನೇರಕ್ಕೆ ಇಳಿದ ಎಳೆಗಳು ಮೊದಲು ಕಾಣುತ್ತವೆ. ಅವು ಹಾಸು. ಒಂದೊಂದು ಹಾಸಿನ ಎಳೆಗೂ ಇನ್ನೊಂದು ಸಣ್ಣ ನೂಲು ಬಳ್ಳಿಯಂತೆ ಸುತ್ತಿಕೊಂಡಿರುತ್ತದೆ. ನಾಣ್ಯದಷ್ಟು ತೆಳ್ಳಗಿನ ಹಿತ್ತಾಳೆ ಬಿಲ್ಲೆಗಳಲ್ಲಿ ಸುತ್ತಿಟ್ಟ ಈ ನೂಲು, ಗಡಿಯಾರದ ಲೋಲಕದ ಹಾಗೆ ಹಾಸಿನ ನಡುವೆ ಹಿಂದೆ ಮುಂದೆ ತೂಗುತ್ತ ಸುತ್ತಿಕೊಳ್ಳುತ್ತ ಹೋಗುತ್ತದೆ. ಮೂರನೆಯ ನೂಲೊಂದು ಅಡ್ಡಡ್ಡ ಸರಿದು ಕೆಲವು ಕಿಂಡಿಗಳನ್ನು ತುಂಬುತ್ತದೆ, ಕೆಲವನ್ನು ಖಾಲಿ ಬಿಡುತ್ತದೆ. ತುಂಬಿದ ಕಿಂಡಿಗಳೆಲ್ಲ ಕೂಡಿ ಗುಲಾಬಿಯಾಗುತ್ತವೆ, ನವಿಲಾಗುತ್ತವೆ. ಮಗ್ಗದ ಸೀರೆಯಲ್ಲಿ ಹೊಕ್ಕು ಹಾಸನ್ನು ಮುಚ್ಚುತ್ತ ಹೋಗುತ್ತದಲ್ಲ, ಇಲ್ಲಿ ಹಾಗಿಲ್ಲ. ಇಲ್ಲಿ ನೇಯ್ದದ್ದು ಕಡಿಮೆ, ಬಿಟ್ಟದ್ದೇ ಹೆಚ್ಚು.

ಇಷ್ಟೊಂದು ತೂತಿರುವ ಬಟ್ಟೆ ಮರೆಮಾಡುವುದಾದರೂ ಹೇಗೆ? ಉತ್ತರ ಬಟ್ಟೆಯ ದಪ್ಪದಲ್ಲಿಲ್ಲ, ಬೆಳಕಿನ ವ್ಯತ್ಯಾಸದಲ್ಲಿದೆ. ಹಗಲಿನಲ್ಲಿ ಬೀದಿ ಬೆಳಗುತ್ತದೆ, ಕೋಣೆ ಮಬ್ಬಾಗಿರುತ್ತದೆ. ಬಿಸಿಲು ಬಿದ್ದ ಬಿಳಿ ಎಳೆಗಳು ಹೊಳೆಯುತ್ತವೆ. ದಾರಿಹೋಕನ ಕಣ್ಣು ಆ ಹೊಳಪಿಗೆ ಹೊಂದಿಕೊಂಡಿರುವುದರಿಂದ ಕಿಂಡಿಯ ಹಿಂದಿನ ಕತ್ತಲೆ ಅವನಿಗೆ ದಕ್ಕುವುದಿಲ್ಲ. ಒಳಗಿರುವವರಿಗೆ ಅದೇ ಎಳೆಗಳು ಮಸುಕು ಗೆರೆಗಳಾಗಿ ಕಾಣುತ್ತವೆ, ಅವುಗಳಾಚೆ ಇಡೀ ಬೀದಿ ಸ್ಪಷ್ಟವಾಗಿ ಬಿಚ್ಚಿಕೊಳ್ಳುತ್ತದೆ. ಸಂಜೆ ಒಳಗೆ ದೀಪ ಹಚ್ಚಿದೊಡನೆ ಎಲ್ಲ ತಿರುಗುಮುರುಗು: ಒಳಗಿರುವವರಿಗೆ ಹೊರಗೆ ಕಪ್ಪು, ಹೊರಗಿರುವವರಿಗೆ ಒಳಗೆಲ್ಲ ನಾಟಕ. ರಂಗಭೂಮಿಯವರು ಗಾಜ್ ಬಟ್ಟೆಯ ಪರದೆಯಿಂದ ಮಾಡುವ ಚಮತ್ಕಾರವೂ ಇದೇ. ಮುಂದಿನಿಂದ ಬೆಳಕು ಬಿಟ್ಟರೆ ಅದು ಗೋಡೆ, ಹಿಂದಿನಿಂದ ಬಿಟ್ಟರೆ ಮಾಯ. ನೆಟ್ ಪರದೆಗೆ ಬಿಳಿ ಬಣ್ಣವೇ ಏಕೆ ರೂಢಿಗೆ ಬಂತು ಎಂಬುದಕ್ಕೂ ಇದರಲ್ಲಿ ಕಾರಣವಿದೆ. ಕಪ್ಪು ಬಲೆಯ ಮೂಲಕ ಹೊರಗಿನದು ಇನ್ನೂ ಚೆನ್ನಾಗಿ ಕಾಣುತ್ತದೆ, ಆದರೆ ಹಗಲಿನಲ್ಲಿ ಅದು ಬಿಳಿಯದರಷ್ಟು ಮರೆ ಕೊಡುವುದಿಲ್ಲ.

ಪರದೆ ಎಂದಾಕ್ಷಣ ಮುಚ್ಚುವುದು, ಅಡಗಿಸುವುದು ಎಂಬ ಅರ್ಥಕ್ಕೆ ಹಾರುವವರು ಈ ಗುಣವನ್ನು ಗಮನಿಸಿರುವುದಿಲ್ಲ. ನೆಟ್ ಪರದೆ ಹಾಕಿದವರು ಲೋಕಕ್ಕೆ ಬೆನ್ನು ತಿರುಗಿಸಿಲ್ಲ. ಅವರಿಗೆ ಬೆಳಕು ಬೇಕು, ಬೀದಿಯೂ ಬೇಕು. ಎಷ್ಟು ಕಾಣಬೇಕೆಂಬುದನ್ನು ನಿರ್ಧರಿಸುವ ಅಧಿಕಾರ ಮಾತ್ರ ತಮ್ಮ ಬಳಿ ಇರಬೇಕು. ಖಾಸಗಿತನಕ್ಕೆ ಇದಕ್ಕಿಂತ ಹತ್ತಿರದ ಪ್ರತಿಮೆ ಕಾನೂನಿನ ಪುಸ್ತಕಗಳಲ್ಲೂ ಸಿಗುವುದು ಕಷ್ಟ.

ಈ ಪರದೆ ಇಂಗ್ಲೆಂಡಿನ ಕಿಟಕಿಗೆ ಬಂದ ಕತೆ ಗಾಜಿನ ಕತೆಯ ಜೊತೆಗೇ ಸಾಗುತ್ತದೆ. 1696ರಿಂದ ಅಲ್ಲಿ ಮನೆಗೆಷ್ಟು ಕಿಟಕಿಯೋ ಅದಕ್ಕೆ ತಕ್ಕ ತೆರಿಗೆಯಿತ್ತು. ತೆರಿಗೆ ತಪ್ಪಿಸಲು ಇಟ್ಟಿಗೆ ತುಂಬಿ ಮುಚ್ಚಿದ ಕಿಟಕಿಗಳು ಹಳೆಯ ಊರುಗಳಲ್ಲಿ ಇವತ್ತಿಗೂ ಕಾಣಸಿಗುತ್ತವೆ. 1845ರಲ್ಲಿ ಗಾಜಿನ ಮೇಲಿನ ಸುಂಕ ಹೋಯಿತು, 1851ರಲ್ಲಿ ಕಿಟಕಿ ತೆರಿಗೆ ಹೋಯಿತು. ಈ ಎರಡರ ನಡುವೆ, 1846ರಲ್ಲಿ, ನಾಟಿಂಗ್‌ಹ್ಯಾಮ್‌ನ ಜಾನ್ ಲಿವ್ಸಿ ಲೇಸಿನ ಪರದೆ ನೇಯುವ ಯಂತ್ರವನ್ನು ರೂಪಿಸಿದ. ಆರೇ ವರ್ಷಗಳ ಅಂತರದಲ್ಲಿ ದೊಡ್ಡ ಕಿಟಕಿ ಅಗ್ಗವಾಯಿತು, ಅದನ್ನು ಮರೆಮಾಡುವ ಬಟ್ಟೆಯೂ ಅಗ್ಗವಾಯಿತು. ಕಾರ್ಖಾನೆ ಊರುಗಳಲ್ಲಿ ಸಾಲುಮನೆಗಳು ಎದ್ದ ಕಾಲ ಅದು. ಎಷ್ಟೋ ಮನೆಗಳಿಗೆ ಅಂಗಳವಿಲ್ಲ, ಜಗಲಿಯಿಲ್ಲ. ಮುಂದಿನ ಕೋಣೆಯ ಕಿಟಕಿ ನೇರ ಕಾಲುದಾರಿಗೆ ತೆರೆದುಕೊಳ್ಳುತ್ತಿತ್ತು, ನಡೆದುಹೋಗುವವನ ಭುಜ ಗಾಜಿಗೆ ತಾಗುವಷ್ಟು ಹತ್ತಿರ. ಅಂಥ ಮನೆಯಲ್ಲಿ ಬೀದಿಗೂ ಸಂಸಾರಕ್ಕೂ ನಡುವೆ ಉಳಿದದ್ದು ಒಂದು ಗಾಜು, ಒಂದು ಬಲೆ.

ಬಲೆಯನ್ನು ಯಂತ್ರದಿಂದ ಹೆಣೆಯುವುದು ಅದಕ್ಕೂ ಹಿಂದಿನಿಂದ ನಡೆದಿತ್ತು. 1808 ಮತ್ತು 1809ರಲ್ಲಿ ಜಾನ್ ಹೀತ್‌ಕೋಟ್ ಬಾಬಿನ್ ನೆಟ್ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. 1816ರಲ್ಲಿ, ಯಂತ್ರಗಳನ್ನು ವಿರೋಧಿಸಿ ಒಡೆಯುತ್ತಿದ್ದ ಲಡೈಟರು ಲಫ್‌ಬರೋದ ಅವನ ಕಾರ್ಖಾನೆಗೆ ನುಗ್ಗಿ 55 ಯಂತ್ರಗಳನ್ನು ಒಡೆದುಹಾಕಿದರು; ಅವನು ದೂರದ ಟಿವರ್ಟನ್ ಊರಿಗೆ ಗುಳೆ ಹೋದ. ಈ ಸಂಗತಿಯನ್ನು ಯಂತ್ರಗಳ ಚರಿತ್ರೆ ಬರೆಯುವವರೆಲ್ಲ ಹೇಳುತ್ತಾರೆ. ಕಡಿಮೆ ಹೇಳುವುದು ಕಾರ್ಖಾನೆಯಿಂದ ಹೊರಬಿದ್ದ ಲೇಸು ಮತ್ತೆ ಮನೆಗಳಿಗೆ ಹೋಗುತ್ತಿದ್ದುದನ್ನು. ಯಂತ್ರದಿಂದ ಬಂದ ಲೇಸಿಗೆ ಕಸೂತಿ ಹಾಕಬೇಕು, ಹೆಚ್ಚುವರಿ ಎಳೆ ಕತ್ತರಿಸಬೇಕು, ಅಂಚು ತಿದ್ದಬೇಕು, ಹರಿದದ್ದನ್ನು ಹೆಣೆಯಬೇಕು. ಇದನ್ನೆಲ್ಲ ಹೆಂಗಸರು, ಮಕ್ಕಳು ತಮ್ಮ ಇಕ್ಕಟ್ಟಿನ ಮನೆಗಳಲ್ಲಿ ಕೂತು ಮಾಡಿದರು. 1843ರ ಬಾಲಕಾರ್ಮಿಕ ಆಯೋಗದ ವರದಿಯಲ್ಲಿ ನಾಟಿಂಗ್‌ಹ್ಯಾಮ್‌ನ ಲೇಸು ಕೆಲಸದ ತಾಯಂದಿರು ಕೂಸುಗಳನ್ನು ಸುಮ್ಮನಾಗಿಸಲು ಗಾಡ್‌ಫ್ರೀಸ್ ಕಾರ್ಡಿಯಲ್ ಎಂಬ ಅಫೀಮು ಬೆರೆಸಿದ ಔಷಧಿ ಕುಡಿಸುತ್ತಿದ್ದ ಸಂಗತಿ ದಾಖಲಾಗಿದೆ. ಇನ್ನೊಬ್ಬರ ಮನೆಯ ಅಂದಕ್ಕಾಗಿ ದುಡಿಯುವಾಗ ಇವರ ಮನೆ ಮನೆಯಾಗಿ ಉಳಿಯಲೇ ಇಲ್ಲ, ಕೆಲಸದ ಕೊಠಡಿಯಾಯಿತು.

ನಾಟಿಂಗ್‌ಹ್ಯಾಮ್ ಊರ ನಡುವಿನ ಲೇಸ್ ಮಾರ್ಕೆಟ್ ಬಡಾವಣೆಯ ಗೋದಾಮುಗಳನ್ನು ಇವತ್ತು ನೋಡಲು ಹೋದವರಿಗೆ ಮೊದಲು ಎದ್ದು ಕಾಣುವುದು ಅವುಗಳ ಕಿಟಕಿ. ಬಿಳಿ ನೂಲಿನ ದೋಷ ಹುಡುಕಲು ಹಗಲ ಬೆಳಕು ಬೇಕು. ಅದಕ್ಕೇ ಈ ಕಟ್ಟಡಗಳ ಗೋಡೆ ತುಂಬ ದೊಡ್ಡ ದೊಡ್ಡ ಗಾಜು. ಆ ಗಾಜಿಗೆ ಪರದೆ ಇರಲಿಲ್ಲ.

ಪರದೆ ಮನೆಗೆ ಬಂದ ಮೇಲೂ ಹೆಣ್ಣಿನ ದುಡಿಮೆ ಮುಗಿಯಲಿಲ್ಲ. ಕಲ್ಲಿದ್ದಲ ಹೊಗೆಯ ಊರುಗಳಲ್ಲಿ ಬಿಳಿ ಪರದೆ ಬೇಗನೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಅದನ್ನು ಇಳಿಸಿ, ಒಗೆದು, ಗಂಜಿ ಹಾಕಿ, ನೀಲಿ ಅದ್ದಿ ಮತ್ತೆ ಕಟ್ಟಬೇಕು. ಬೆಳ್ಳಗಿನ ಪರದೆ ಎಂದರೆ ಅಚ್ಚುಕಟ್ಟಾದ ಸಂಸಾರ ಎಂದು ನೆರೆಹೊರೆ ಅಳೆಯುತ್ತಿತ್ತು. ಹಲ್ ಎಂಬ ಬಂದರಿನ ರೆಕಿಟ್ ಕಂಪನಿಗೆ ಬಟ್ಟೆಯ ನೀಲಿಯೇ ದೊಡ್ಡ ವ್ಯಾಪಾರವಾಗಿತ್ತು. ಅದೇ ಕಂಪನಿಯ ರಾಬಿನ್ ನೀಲಿ ಕರ್ನಾಟಕದ ಮನೆಗಳ ಬಚ್ಚಲಿಗೂ ಬಂತು. ಬಕೆಟ್ಟಿನ ನೀರಲ್ಲಿ ನೀಲಿ ಕದಡಿ ಬಿಳಿ ಪಂಚೆ, ಶಾಲೆಯ ಅಂಗಿ ಅದ್ದಿ ತೆಗೆದ ಕೈಗಳಿಗೆ ಆ ಸಾಲುಮನೆಯ ಹೆಂಗಸಿನ ಬಟ್ಟೆ ಒಗೆಯುವ ಸೋಮವಾರ ಹೇಗಿದ್ದಿರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಮಹಾಯುದ್ಧದ ಕಾಲಕ್ಕೆ ಮ್ಯಾಂಚೆಸ್ಟರಿನ ಕ್ಯಾಲಿಕೊ ಪ್ರಿಂಟರ್ಸ್ ಸಂಸ್ಥೆಯ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಪಾಲಿಯೆಸ್ಟರ್ ನೂಲನ್ನು ಕಂಡುಹಿಡಿದರು. ಯುದ್ಧ ಮುಗಿದ ಮೇಲೆ ಟೆರಿಲಿನ್ ಹೆಸರಿನಲ್ಲಿ ಅದು ಮನೆಮನೆಗೆ ಬಂತು. ಸುಕ್ಕುಗಟ್ಟದ, ಬೇಗ ಒಣಗುವ ಟೆರಿಲಿನ್ ಪರದೆ ಇಲ್ಲದ ಕಿಟಕಿ ಅಪರೂಪವಾಯಿತು. ಎಲ್ಲರ ಮನೆಗೆ ಬಂದ ವಸ್ತುವಿಗೆ ಬರುವ ಗತಿ ಇದಕ್ಕೂ ಬಂತು. ಓದಿದವರ, ಹಣವಂತರ ರುಚಿಗೆ ಅದು ಹಳಸಲು ಎನಿಸಿತು. ಪರದೆಯ ಅಂಚು ಸರಿಸಿ ಬೀದಿ ನೋಡುವ ನೆರೆಯವಳು ಹಾಸ್ಯದ ಪಾತ್ರವಾದಳು. ಅವಳ ಆ ಅಭ್ಯಾಸಕ್ಕೇ ಇಂಗ್ಲಿಷಿನಲ್ಲೊಂದು ನುಡಿಗಟ್ಟು ಹುಟ್ಟಿತು.

ಆ ನಗೆಯಲ್ಲಿ ಒಂದು ಅನ್ಯಾಯವಿದೆ. ದೊಡ್ಡ ತೋಟದ ನಡುವೆ ಮನೆ ಇರುವವರಿಗೆ ಪರದೆ ಬೇಕಿಲ್ಲ, ನೂರು ಗಜದ ಹುಲ್ಲುಹಾಸೇ ಅವರ ಪರದೆ. ಭುಜಕ್ಕೆ ಭುಜ ತಾಗುವ ಬೀದಿಯಲ್ಲಿ ಬದುಕುವವರು ಮೂರು ಗಜ ಬಟ್ಟೆಯಲ್ಲಿ ಅದೇ ದೂರವನ್ನು ಉಂಟುಮಾಡಿಕೊಳ್ಳಬೇಕು. ನೆಟ್ ಪರದೆಯನ್ನು ಕೆಳಮಧ್ಯಮ ವರ್ಗದ ಕೆಟ್ಟ ಅಭಿರುಚಿಯ ಗುರುತಾಗಿ ತೋರಿಸಿ ನಗಿಸುವ ಕಲೆ ಈ ಲೆಕ್ಕವನ್ನು ಮರೆತಿರುತ್ತದೆ. ಅಜ್ಜಿಯ ಮನೆಯ ನೆನಪೆಂದು ಅದನ್ನು ಎತ್ತಿ ಮುದ್ದಾಡುವ ಕಲೆಯೂ ಮರೆತಿರುತ್ತದೆ.

ಹಾಲೆಂಡಿನ ಮಾತು ಇಲ್ಲಿ ಬಂದೇ ಬರುತ್ತದೆ. ಅಲ್ಲಿನ ಮನೆಗಳ ಮುಂದಿನ ಕಿಟಕಿಗಳಿಗೆ ಪರದೆ ಎಳೆಯುವುದಿಲ್ಲ, ಮುಚ್ಚಿಡುವಂಥದ್ದೇನೂ ಇಲ್ಲವೆಂದು ತೋರಿಸುವ ಕ್ರೈಸ್ತ ಶ್ರದ್ಧೆ ಅದಕ್ಕೆ ಕಾರಣ ಎಂದು ಪ್ರವಾಸಿಗಳು ಹೇಳುವುದುಂಟು. ಆದರೆ ಡಚ್ ಮಾನವಶಾಸ್ತ್ರಜ್ಞೆ ಐರೀನ್ ಸಿರಾಡ್ 1999ರಲ್ಲಿ ಸಂಪಾದಿಸಿದ ಮನೆಯ ಕುರಿತಾದ ಪುಸ್ತಕದಲ್ಲಿ ಡಚ್ ಕಿಟಕಿಗಳನ್ನು ಹೆಣ್ಣಿನ ಶೀಲ ಮತ್ತು ಅಪಕೀರ್ತಿಯ ಪ್ರಶ್ನೆಯೊಂದಿಗೆ ಇಟ್ಟು ನೋಡಿದ್ದಾರೆ. ಹಳೆಯ ಡಚ್ ಮನೆಗಳ ಕಿಟಕಿಯ ಹೊರಗೆ ಪುಟ್ಟ ಕನ್ನಡಿ ಸಿಕ್ಕಿಸಿ, ಕೂತಲ್ಲಿಂದಲೇ ಬೀದಿಯ ಎರಡೂ ಕಡೆ ನೋಡುವ ಏರ್ಪಾಡೂ ಇತ್ತು. ತೆರೆದ ಕಿಟಕಿಯ ನಾಡಿನಲ್ಲೂ ನೋಡುವ, ನೋಡಿಸಿಕೊಳ್ಳುವ ಲೆಕ್ಕಾಚಾರ ಬೇರೆ ರೂಪದಲ್ಲಿ ನಡೆದೇ ಇತ್ತು.

ಈ ವಸ್ತುವನ್ನು ನಿಜಕ್ಕೂ ಅರ್ಥಮಾಡಿಕೊಂಡ ಕಲಾವಿದರು ಯಾರು ಎಂದರೆ ಮೊದಲು ನೆನಪಾಗುವುದು ಕ್ಯೂಬಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬಾಳಿದ ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್. 1989ರ ಅವರ ‘ಲವರ್‌ಬಾಯ್’ ಕೃತಿ ಎಂದರೆ ಇಷ್ಟೇ: ಪ್ರದರ್ಶನ ನಡೆಯುವ ಕಟ್ಟಡದ ಕಿಟಕಿಗಳಿಗೆ ತೆಳು ನೀಲಿ ಪರದೆ. ಅಳತೆ ಆಯಾ ಕಿಟಕಿಯದು. ಚೌಕಟ್ಟಿಲ್ಲ, ಪೀಠವಿಲ್ಲ, ಬೆಳಕು, ಗಾಳಿ, ಹೊರಗಿನ ಊರು ಎಲ್ಲವೂ ಕೃತಿಯ ಭಾಗ. ಗಮನಿಸಬೇಕಾದ್ದು ಅವರು ಪರದೆ ಹಾಕಿದ ಜಾಗವನ್ನು. ಅವರು ಯಾರ ಮನೆಯ ಕಿಟಕಿಗೂ ಹೋಗಲಿಲ್ಲ, ಸಂಗ್ರಹಾಲಯದ ಕಿಟಕಿಗೇ ಪರದೆ ಹಾಕಿದರು.

ಅವರ ಬದುಕಿನ ಹಿನ್ನೆಲೆಯಲ್ಲಿ ಇದಕ್ಕೆ ಇನ್ನೂ ತೀವ್ರವಾದ ಅರ್ಥ ಬರುತ್ತದೆ. 1986ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಇಬ್ಬರು ವಯಸ್ಕ ಗಂಡಸರು ತಮ್ಮದೇ ಮಲಗುಕೋಣೆಯಲ್ಲಿ ನಡೆಸುವ ಸಂಬಂಧವನ್ನೂ ರಾಜ್ಯ ಅಪರಾಧವೆನ್ನಬಹುದು ಎಂದು ತೀರ್ಪಿತ್ತಿತ್ತು; ಅದು ರದ್ದಾಗಲು 2003ರವರೆಗೆ ಕಾಯಬೇಕಾಯಿತು. ಸಂಗಾತಿಯನ್ನು ಏಡ್ಸ್‌ಗೆ ಕಳೆದುಕೊಂಡ ಗೊನ್ಸಾಲೆಸ್-ಟೊರೆಸ್ 1992ರಲ್ಲಿ ನ್ಯೂಯಾರ್ಕಿನ 24 ಕಡೆ ದೊಡ್ಡ ಜಾಹೀರಾತು ಫಲಕಗಳ ಮೇಲೆ ಒಂದು ಫೋಟೊ ಹಾಕಿಸಿದರು. ಎದ್ದುಹೋದ ಬಿಳಿ ಹಾಸಿಗೆ, ಎರಡು ದಿಂಬು, ದಿಂಬುಗಳ ಮೇಲೆ ತಲೆಯಿಟ್ಟ ಗುಳಿ. ಒಂದು ಅಕ್ಷರವೂ ಇಲ್ಲ. ಅತ್ಯಂತ ಖಾಸಗಿಯಾದದ್ದು ನಡುಬೀದಿಯಲ್ಲಿ ನಿಂತಿತ್ತು, ಆದರೂ ಯಾರ ಗುಟ್ಟೂ ಬಯಲಾಗಲಿಲ್ಲ. ಖಾಸಗಿತನದ ಬಗ್ಗೆ ಕೃತಿ ಮಾಡುವವರು ದಿನವೂ ಕಣ್ಣೆದುರು ಇಟ್ಟುಕೊಳ್ಳಬೇಕಾದ ಮಾದರಿ ಇದು.

ಕೊರಿಯಾದ ಡೊ ಹೊ ಸು ಅವರ ದಾರಿ ಬೇರೆ. 1999ರಲ್ಲಿ ಅವರು ಸೋಲ್ ನಗರದ ತಮ್ಮ ಹೆತ್ತವರ ಮನೆಯನ್ನು ನಿಜ ಅಳತೆಯಲ್ಲಿ ತೆಳು ರೇಷ್ಮೆಯಲ್ಲಿ ಹೊಲಿದರು. ಮುಂದೆ ನ್ಯೂಯಾರ್ಕ್, ಬರ್ಲಿನ್, ಲಂಡನ್ ಎಂದು ತಾವಿದ್ದ ಮನೆಗಳ ಓಣಿ, ಮೆಟ್ಟಿಲುಗಳನ್ನೆಲ್ಲ ಪಾರದರ್ಶಕ ಪಾಲಿಯೆಸ್ಟರಿನಲ್ಲಿ, ಬಾಗಿಲ ಹಿಡಿ, ವಿದ್ಯುತ್ ಸ್ವಿಚ್ಚಿನ ಸಮೇತ ಹೊಲಿಯುತ್ತ ಹೋದರು. ಈ ಬಟ್ಟೆಯ ಓಣಿಗಳಲ್ಲಿ ನಡೆಯುವ ಪ್ರೇಕ್ಷಕ ಆ ಹೊತ್ತಿಗೆ ಮನೆಯವನಾಗುತ್ತಾನೆ. ಹೊರಗೆ ನಿಂತವರಿಗೆ ಅವನ ಒಂದೊಂದು ಹೆಜ್ಜೆಯೂ ಕಾಣುತ್ತದೆ. ನೋಡಲು ಬಂದವನೇ ನೋಡಿಸಿಕೊಳ್ಳುತ್ತಾನೆ. 2025ರಲ್ಲಿ ಅವರ ದೊಡ್ಡ ಪ್ರದರ್ಶನ ನಡೆದದ್ದು ಅದೇ ಟೇಟ್ ಮಾಡರ್ನ್‌ನಲ್ಲಿ. ಅಕ್ಕಪಕ್ಕದ ಗಾಜಿನ ಮನೆಗಳ ಮೊಕದ್ದಮೆಯನ್ನು ಬಲ್ಲವರಿಗೆ ಆ ಅರೆಪಾರದರ್ಶಕ ಗೋಡೆಗಳು ಇನ್ನೊಂದು ಮಾತನ್ನೂ ಹೇಳಿದ್ದಾವು.

ನೆಟ್ ಪರದೆಯ ಯಂತ್ರಕ್ಕೆ ಚರಿತ್ರೆ ಹೇಳುವ ಶಕ್ತಿಯಿದೆ ಎಂಬುದಕ್ಕೆ ನಾಟಿಂಗ್‌ಹ್ಯಾಮ್‌ನಲ್ಲೇ ಸಾಕ್ಷಿಯಿದೆ. ಅಲ್ಲಿನ ಡಾಬ್ಸನ್ಸ್ ಅಂಡ್ ಎಂ. ಬ್ರೌನ್ ಕಂಪನಿ 1940ರ ದಶಕದಲ್ಲಿ, ಹ್ಯಾರಿ ಕ್ರಾಸ್ ರಚಿಸಿದ ವಿನ್ಯಾಸದಂತೆ, ಲಂಡನ್ ಮೇಲಿನ ವಿಮಾನದಾಳಿಯ ದೃಶ್ಯಗಳನ್ನು ಸುಮಾರು ನಾಲ್ಕೂವರೆ ಮೀಟರ್ ಉದ್ದದ ಲೇಸಿನ ಪಟದಲ್ಲಿ ನೇಯ್ದಿತು. ಅದಕ್ಕೆ ವಿನ್ಯಾಸವನ್ನು ಯಂತ್ರಕ್ಕೆ ತಿಳಿಸುವ, ತೂತು ಕೊರೆದ 40,000ದಷ್ಟು ಜಕಾರ್ಡ್ ರಟ್ಟುಗಳು ಬೇಕಾದವು. 38 ಪ್ರತಿಗಳಾದ ಮೇಲೆ ಆ ರಟ್ಟುಗಳನ್ನು ನಾಶಮಾಡಲಾಯಿತು. ಉರಿಯುವ ಬೀದಿಗಳು, ಬೀಳುವ ಬಾಂಬು, ಹೊಗೆಯ ನಡುವೆ ನಿಂತ ಸೇಂಟ್ ಪಾಲ್ಸ್ ಎಲ್ಲವೂ ಗುಲಾಬಿ, ನವಿಲು ಮೂಡಿಸುತ್ತಿದ್ದ ಅದೇ ತಂತ್ರದಿಂದ ಮೂಡಿದವು. ಅದೇ ಯುದ್ಧಕಾಲದಲ್ಲಿ ಸ್ಫೋಟಕ್ಕೆ ಗಾಜು ಸಿಡಿದು ಚುಚ್ಚದಿರಲೆಂದು ಬಸ್ಸು, ರೈಲುಗಳ ಕಿಟಕಿಗೆ ಬಲೆಬಟ್ಟೆ ಅಂಟಿಸುತ್ತಿದ್ದರು. ಈ ಉಪಾಯ ಅಲ್ಲಿಗೇ ನಿಲ್ಲಲಿಲ್ಲ. ಬ್ರಿಟನ್ನಿನ ಸರ್ಕಾರಿ ಕಚೇರಿಗಳಲ್ಲಿ ತೂಕದ ಅಂಚು ಹೊಲಿದ, ಕಿಟಕಿಗಿಂತ ಉದ್ದದ ಪಾಲಿಯೆಸ್ಟರ್ ಬಲೆಯನ್ನು ಬಾಂಬಿನಿಂದ ರಕ್ಷಣೆಗೆಂದು ಇಳಿಬಿಡುತ್ತಾರೆ. 1991ರ ಫೆಬ್ರವರಿ 7ರಂದು ಐಆರ್‌ಎ ಉಗ್ರರು ಡೌನಿಂಗ್ ಸ್ಟ್ರೀಟಿನ ಮೇಲೆ ಮಾರ್ಟರ್ ದಾಳಿ ನಡೆಸಿದಾಗ, ಸಭೆ ನಡೆಸುತ್ತಿದ್ದ ಪ್ರಧಾನಿ ಜಾನ್ ಮೇಜರ್ ಮತ್ತು ಸಹೋದ್ಯೋಗಿಗಳನ್ನು ಸಿಡಿದ ಗಾಜಿನಿಂದ ಕಾಪಾಡಿದ್ದರಲ್ಲಿ ಇಂಥ ಬಲೆಯ ಪಾಲೂ ಇತ್ತು. ಮನೆಹೆಂಗಸಿನ ಹಳೆಯ ರುಚಿ ಎಂದು ನಗೆಗೀಡಾದ ಬಟ್ಟೆ ರಾಷ್ಟ್ರದ ಮಂತ್ರಿಮಂಡಲದ ಜೀವ ಕಾಯುತ್ತಿತ್ತು ಎಂಬುದನ್ನು ಯಾವ ಕಲಾಯೋಜನೆಯೂ ಬಿಡಬಾರದು.

ಹಾಗಾದರೆ ಯೋಜನೆ ಹೇಗಿರಬೇಕು? ಮೊದಲನೆಯದಾಗಿ, ಪರದೆಯನ್ನು ಗೋಡೆಗೆ ತೂಗುಹಾಕಕೂಡದು. ಗೋಡೆಯ ಮೇಲಿನ ನೆಟ್ ಪರದೆ ಎರಡು ಬೆಳಕುಗಳ ನಡುವಿನ ತನ್ನ ಜಾಗ ಕಳೆದುಕೊಂಡು ಚಿತ್ತಾರದ ಬಟ್ಟೆಯಾಗಿಬಿಡುತ್ತದೆ. ಅದು ಕಿಟಕಿಯಲ್ಲಿರಬೇಕು, ಅಥವಾ ಬೆಳಕು ಬದಲಾಗುವ ಎರಡು ಕೋಣೆಗಳ ನಡುವೆ ಇರಬೇಕು. ಕೃತಿಯನ್ನು ಬೆಳಗ್ಗೆ ನೋಡಿದವರು ಮತ್ತೆ ದೀಪ ಹಚ್ಚುವ ಹೊತ್ತಿಗೆ ಬಂದು ನೋಡುವಂತಿರಬೇಕು. ಚಳಿಗಾಲದ ಲಂಡನ್ನಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ; ಸಂಗ್ರಹಾಲಯ ಬಾಗಿಲು ಹಾಕುವ ಮುಂಚೆಯೇ ಪರದೆ ತನ್ನ ಪಕ್ಷ ಬದಲಿಸುತ್ತದೆ. ಹಗಲೆಲ್ಲ ನಿರಾಳವಾಗಿ ಬೀದಿ ನೋಡುತ್ತಿದ್ದ ಪ್ರೇಕ್ಷಕನಿಗೆ ಈಗ ಬೀದಿಯೇ ತನ್ನನ್ನು ನೋಡುತ್ತಿದೆ ಎಂದು ತಟ್ಟಬೇಕು. 2011ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಲೆಸ್ಲಿ ಮಿಲ್ಲರ್ ಸಂಯೋಜಿಸಿದ ‘ಲಾಸ್ಟ್ ಇನ್ ಲೇಸ್’ ಪ್ರದರ್ಶನ ಲೇಸನ್ನು ಚಿತ್ತಾರದಿಂದ ಬಿಡಿಸಿ, ಜಾಗವನ್ನು ವಿಭಜಿಸುವ ವಸ್ತುವಾಗಿ ಕಂಡದ್ದು ಈ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆ. ಅಲ್ಲಿ ಕಲಾವಿದೆ ಚಿಹಾರು ಶಿಯೊಟಾ ಕಪ್ಪು ನೂಲಿನ ದಟ್ಟ ಬಲೆಯೊಳಗೆ ಬಿಳಿ ಉಡುಪುಗಳನ್ನು ತೂಗುಹಾಕಿದ್ದರು. ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗದು.

ಎರಡನೆಯದು ಕತೆಗಳ ವಿಚಾರ. ಇಂಥ ಯೋಜನೆಗಳಲ್ಲಿ ಮನೆಯವರನ್ನು ಮಾತನಾಡಿಸಿ, ಅವರ ಮಾತನ್ನು ಬಟ್ಟೆಯ ಮೇಲೆ ಕಸೂತಿ ಹಾಕುವುದು ರೂಢಿ. ಅದು ಕೆಟ್ಟದ್ದೇನಲ್ಲ. ಆದರೆ ಬಲೆಯ ಬಟ್ಟೆಯೇ ಒಂದು ದಾರಿ ತೋರಿಸುತ್ತದೆ: ಯಾವ ಕಿಂಡಿ ತುಂಬಬೇಕು, ಯಾವುದನ್ನು ಖಾಲಿ ಬಿಡಬೇಕು ಎಂಬುದನ್ನು ಹೇಳುವವರೇ ನಿರ್ಧರಿಸಲಿ. ಅವರು ಹೇಳಲೊಲ್ಲದ ಮಾತು ಕೃತಿಯಲ್ಲಿ ತೂತಾಗಿಯೇ ಉಳಿಯಲಿ. ಶಿಲ್ಪಿ ರೇಚಲ್ ವೈಟ್‌ರೀಡ್ 1993ರಲ್ಲಿ ಪೂರ್ವ ಲಂಡನ್ನಿನ ಸಾಲುಮನೆಯೊಂದರ ಒಳಗೋಡೆಗಳಿಗೆ ಕಾಂಕ್ರೀಟು ಎರಚಿ, ಹೊರಗೋಡೆ ಬಿಚ್ಚಿ ‘ಹೌಸ್’ ಮಾಡಿದಾಗ ಒಳಗಿನ ಖಾಲಿ ಜಾಗವೇ ಗಟ್ಟಿಯಾಗಿ ಬೀದಿಗೆ ಬಂದಿತ್ತು. ಬೆಂಕಿಗೂಡು, ಕಿಟಕಿ, ಮೆಟ್ಟಿಲ ಗುರುತು ಎಲ್ಲ ಉಂಟು, ಅಲ್ಲಿ ಬಾಳಿದವರ ಒಂದು ಗುಟ್ಟೂ ಇಲ್ಲ. 1994ರ ಜನವರಿಯಲ್ಲಿ ಅದನ್ನು ಕೆಡವಿದರು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಗಂಭೀರ ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಪರದೆಯ ಹಿಂದೆ ನಡೆಯುವುದೆಲ್ಲ ಒಳ್ಳೆಯದಲ್ಲ. ಹೊಡೆತ, ಬೆದರಿಕೆ, ಕೂಡಿಹಾಕುವುದು ಎಲ್ಲಕ್ಕೂ ಅದೇ ಪರದೆ ಮರೆ. ಮನೆಯ ಮಾತು ಮನೆಯಲ್ಲೇ ಇರಲಿ ಎಂಬ ಉಪದೇಶದಿಂದ ಎಷ್ಟು ಹೆಂಗಸರು ನಲುಗಿದ್ದಾರೆ ಎಂಬುದನ್ನು ಬಲ್ಲ ಸ್ತ್ರೀವಾದಿಗಳು ಖಾಸಗಿತನದ ಹೊಗಳಿಕೆಯನ್ನು ಅನುಮಾನದಿಂದ ನೋಡಿದ್ದಾರೆ, ಅದು ಸರಿಯೇ. ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದ ತೀರ್ಪಿಗೆ ಕಾರಣರಾದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪೂ ಈ ಆಕ್ಷೇಪವನ್ನು ಕಡೆಗಣಿಸಲಿಲ್ಲ. ಗಂಡಾಳಿಕೆಯನ್ನೂ ಹಿಂಸೆಯನ್ನೂ ಮುಚ್ಚಿಡುವ ಹೊದಿಕೆಯಾಗಿ ಖಾಸಗಿತನ ಬಳಕೆಯಾಗಬಾರದು ಎಂಬ ಎಚ್ಚರ ಅದರಲ್ಲೂ ಇದೆ. ಅಲ್ಲಿ ಹಕ್ಕು ದೊರೆತದ್ದು ವ್ಯಕ್ತಿಗೆ. ಮನೆಯ ಯಜಮಾನನಿಗೆಂದು ಅದನ್ನು ಕೊಟ್ಟಿಲ್ಲ. ಪರದೆಯ ಭಾಷೆಯಲ್ಲಿ ಕೇಳುವುದಾದರೆ, ಹಗ್ಗ ಯಾರ ಕೈಯಲ್ಲಿದೆ? ತಾನೇ ಎಳೆದುಕೊಂಡ ಪರದೆಯ ಹಿಂದಿನ ಹೆಂಗಸೂ ಇನ್ನೊಬ್ಬ ಎಳೆದ ಪರದೆಯ ಹಿಂದಿನ ಹೆಂಗಸೂ ಬೀದಿಯಿಂದ ಒಂದೇ ತರಹ ಕಾಣುತ್ತಾರೆ, ಅಂದರೆ ಕಾಣುವುದೇ ಇಲ್ಲ. ಈ ವ್ಯತ್ಯಾಸವನ್ನು ಪ್ರೇಕ್ಷಕನಿಗೆ ಮುಟ್ಟಿಸುವುದೇ ಕಲೆಯ ಮುಂದಿರುವ ಕಷ್ಟದ ಕೆಲಸ.

ಆಂಧ್ರದ ನರಸಾಪುರ ಆ ಕಷ್ಟವನ್ನು ಇನ್ನೂ ತೀಕ್ಷ್ಣವಾಗಿ ಮುಂದಿಡುತ್ತದೆ. ಗೋದಾವರಿ ಬಯಲಿನ ಈ ಸೀಮೆಗೆ 19ನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳು ಕ್ರೋಶಾ ಲೇಸಿನ ಕೆಲಸ ತಂದರು. ಜರ್ಮನ್ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದು: ಕಾಪು ಸಮುದಾಯದ ಹೆಂಗಸರು ಘೋಷಾದ ರೂಢಿಯಲ್ಲಿ ಮನೆಯಿಂದ ಹೊರಗೆ ದುಡಿಯಲು ಹೋಗದೆ, ಒಳಗೇ ಕೂತು ಪರದೇಶದ ಮಾರುಕಟ್ಟೆಗೆ ಲೇಸು ಹೆಣೆಯುತ್ತಿದ್ದರು. ವ್ಯಾಪಾರ ಗಂಡಸರ ಕೈಯಲ್ಲಿತ್ತು. ದಿನಕ್ಕೆ ಎಷ್ಟೋ ಗಂಟೆ ಕೊಕ್ಕೆ ಆಡಿಸಿದರೂ ಅವರನ್ನು ಕೆಲಸಗಾರರೆಂದು ಯಾರೂ ಕರೆಯಲಿಲ್ಲ, ಬಿಡುವಿನಲ್ಲಿ ಏನೋ ಮಾಡುವ ಗೃಹಿಣಿಯರೆಂದರು. ಮರೆಯಲ್ಲಿರುವುದು ಘನತೆ ಎಂಬ ನಂಬಿಕೆಯೇ ಅವರ ದುಡಿಮೆಯನ್ನೂ ಮರೆಮಾಡಿತು. ನೆಟ್ ಪರದೆಯ ಕೃತಿಯೊಂದು ನೇಯ್ದವರ ಹೆಸರು, ಅವರಿಗೆ ಸಂದ ಕೂಲಿ ಎರಡನ್ನೂ ಮುಚ್ಚಿಟ್ಟು ಖಾಸಗಿತನದ ಮಾತಾಡಿದರೆ ಅದೇ ತಪ್ಪು ಮತ್ತೆ ನಡೆದಂತೆ. ಕೂಲಿ ಬಯಲಲ್ಲಿರಲಿ, ಹೆಸರು ಬೇಡವೆನ್ನುವವರ ಹೆಸರು ಮಾತ್ರ ಮರೆಯಲ್ಲಿರಲಿ.

ಇಂದಿನ ಕ್ಯಾಮೆರಾ, ಸಂವೇದಕಗಳಿಗೆ ಬಿಳಿ ಎಳೆಯ ಹೊಳಪಿನ ಹಂಗಿಲ್ಲ. 2001ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದ ಕೈಲೋ ಪ್ರಕರಣದಲ್ಲಿ ಪೊಲೀಸರು ಬೀದಿಯಲ್ಲಿ ನಿಂತು ಶಾಖ ಅಳೆಯುವ ಉಪಕರಣದಿಂದ ಮನೆಯೊಳಗನ್ನು ಓದಿದ್ದರು. ವಾರಂಟ್ ಇಲ್ಲದೆ ಹಾಗೆ ಮಾಡುವುದು ಸಲ್ಲದು ಎಂದು ಕೋರ್ಟ್ ಹೇಳಿತು. ಗೋಡೆ ದಪ್ಪ ಮಾಡಿಕೊಳ್ಳಿ ಎಂದು ಮನೆಯವರಿಗೆ ಹೇಳಲಿಲ್ಲ. 2021ರಲ್ಲಿ ಆಕ್ಸ್‌ಫರ್ಡ್ ಕೌಂಟಿ ಕೋರ್ಟ್, ನೆರೆಯವರ ಮಾತನ್ನೂ ದಾಖಲಿಸುವಂಥ ಬಾಗಿಲುಗಂಟೆ ಕ್ಯಾಮೆರಾ ಹಾಕಿದಾತನನ್ನೇ ಹೊಣೆ ಮಾಡಿತು. ಲಾರ್ಡ್ ಲೆಗಟ್ ಹೇಳಿದ್ದೂ ಈ ಜಾಡಿನದೇ. ಬಟ್ಟೆ ಸೋತ ಕಡೆ ನೋಡುವವನ ಸಂಯಮವೇ ಪರದೆಯಾಗಬೇಕಾಗಿ ಬಂದಿದೆ. ಆ ಸಂಯಮ ಹೇಗಿರುತ್ತದೆ ಎಂಬುದನ್ನು ಕಣ್ಣಿಗೆ, ಮೈಗೆ ತಿಳಿಸಲು ತೀರ್ಪಿನ ಪುಟಗಳಿಗಿಂತ ಒಂದು ಕಿಟಕಿ, ಒಂದು ಬಲೆ, ಒಂದು ದೀಪ ಹೆಚ್ಚು ಕೆಲಸಕ್ಕೆ ಬಂದಾವು.

ಇನ್ನೊಂದು ಸಣ್ಣ ವಿಷಯವಿದೆ, ಆದರೆ ಯೋಜನೆಯ ನಿಯತ್ತು ತಿಳಿಯುವುದು ಅಲ್ಲೇ. ಕಲಾವಿದರು ಮನೆಮನೆಗೆ ಹೋಗಿ ಹಳೆಯ ಪರದೆಗಳನ್ನು ಎರವಲು ಕೇಳುತ್ತಾರೆ, ಜನ ಪ್ರೀತಿಯಿಂದ ಕೊಡುತ್ತಾರೆ. ಕೊಟ್ಟ ಮನೆಯ ಕಿಟಕಿ ಪ್ರದರ್ಶನ ಮುಗಿಯುವವರೆಗೆ ಬೆತ್ತಲೆ. ಅದಕ್ಕೇ ಮೊದಲ ದಿನದ ಕೆಲಸ ಅಳತೆ ಪಟ್ಟಿ ಹಿಡಿದು ಆ ಕಿಟಕಿಯ ಅಗಲ ಉದ್ದ ಬರೆದುಕೊಳ್ಳುವುದು, ಮನೆಯವರನ್ನೇ ಕೇಳಿ ಅವರಿಗೆ ಬೇಕಾದಷ್ಟು ಸಣ್ಣ ಕಿಂಡಿಯ ಬಲೆ ಆರಿಸುವುದು, ಅಂಚು ಮಡಿಸಿ ಹೊಲಿದು ತಂದು ಕಟ್ಟುವುದು. ಹೊಸದು ಕಿಟಕಿಯಲ್ಲಿ ನೆಟ್ಟಗೆ ಇಳಿದ ಮೇಲೆ, ಮನೆಯಾಕೆ ಬೀದಿಗೆ ಬಂದು ಆಚೆ ಬದಿಯಲ್ಲಿ ನಿಂತು ಒಳಗೇನು ಕಾಣುತ್ತದೆಂದು ಒಮ್ಮೆ ನೋಡಿ, ಸರಿ ಎಂದ ಮೇಲೆ, ಹಳೆಯದನ್ನು ಮಡಚಿ ಎತ್ತಿಕೊಳ್ಳಬಹುದು.